ಏಳನೇ ಕೋಣೆಯ ಖಾತೆ

ಯಂತ್ರ ಕೆಟ್ಟಿದೆ ಎಂದು ಯಾರಾದರೂ ಬಂದು ಹೇಳಿದರೆ ಕೂಡಲೇ ನಂಬಬೇಡಿ. ಈಗ ಮೊಬೈಲ್ ರಿಪೇರಿ ಕಲಿಯುತ್ತಿರುವವರಿಗೆ ನಾನು ಹೇಳುವ ಮೊದಲ ಮಾತು ಇದು. ಇಷ್ಟಕ್ಕೇ ನಿಲ್ಲಿಸಿದ್ದರೆ ನಿಮಗೂ ಕ್ಷೇಮ, ನನಗೂ ಕ್ಷೇಮ. ಆದರೆ ಕಡೂರು, ತರೀಕೆರೆ, ಅಜ್ಜಂಪುರಗಳ ನಡುವೆ ಸ್ಕ್ರೂಡ್ರೈವರ್ ಹಿಡಿದು ಆಯುಷ್ಯ ಕಳೆದವನಿಗೆ ಇಷ್ಟು ಬೇಗ ಮಾತು ಮುಗಿಯುವುದಿಲ್ಲ.

ನಾನು ಕೆಲಸ ಕಲಿತದ್ದು ಎಪ್ಪತ್ತರ ದಶಕದಲ್ಲಿ, ಕಡೂರಿನ ಒಂದು ರೇಡಿಯೋ ಅಂಗಡಿಯಲ್ಲಿ. ಗುರುಗಳು ಶ್ರೀಕಂಠಯ್ಯನವರು. ಯಾವ ರೇಡಿಯೋ ಬಂದರೂ ಅವರು ಅದನ್ನು ಬಿಚ್ಚುವ ಮೊದಲು ತಂದವನನ್ನು ಬಿಚ್ಚುತ್ತಿದ್ದರು. ಎಲ್ಲಿಡುತ್ತೀಯ, ಯಾರು ಮುಟ್ಟುತ್ತಾರೆ, ಯಾರು ಬೀಳಿಸಿದರು ಎಂದು ವಿಚಾರಣೆ. ನನಗೆ ಇದು ಕಾಲಹರಣ ಎನಿಸುತ್ತಿತ್ತು. ಒಂದು ದಿನ ಎಮ್ಮೆದೊಡ್ಡಿಯ ಹುಲ್ಲು ಕಾವಲಿನಿಂದ ದನ ಕಾಯುವವನೊಬ್ಬ ಟ್ರಾನ್ಸಿಸ್ಟರ್ ತಂದ. ಗುರುಗಳು ಊಟಕ್ಕೆ ಹೋಗಿದ್ದರು. ಕಾವಲಿನಲ್ಲಿ ಹಾಡು ಬರುತ್ತದೆ, ಮನೆಯಲ್ಲಿ ಬರುವುದಿಲ್ಲ ಎಂದು ಅವನ ದೂರು. ನಾನು ಉತ್ಸಾಹದಿಂದ ಬಿಚ್ಚಿ, ಕಾಯಿಲ್ ಬದಲಿಸಿ, ಬೆಸುಗೆ ಹಾಕಿ ಕಳಿಸಿದೆ. ಮುಂದಿನ ಸಂತೆಗೆ ಅವನು ಅದೇ ದೂರಿನೊಂದಿಗೆ ಮರಳಿದ. ಗುರುಗಳು ಕೇಳಿದರು:

"ಮನೇಲಿ ಎಲ್ಲಿ ಇಡ್ತೀಯಪ್ಪಾ ಇದನ್ನ?"

"ಕಬ್ಬಿಣದ ಟ್ರಂಕ್‌ನಾಗೆ ಸ್ವಾಮಿ. ಯಾರಾನ ಕದ್ಕೊಂಡ್ ಹೋದ್ರೆ?"

"ಹಾಡು ಕೇಳೋವಾಗ?"

"ಆವಾಗ್ಲೂ ಟ್ರಂಕ್‌ನಾಗೇ. ಮ್ಯಾಲೆ ಕಿವಿ ಇಟ್ಕೊಂಡು ಕೇಳ್ತೀವಿ."

ಗುರುಗಳು ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ಚೆನ್ನಾಗಿತ್ತು. ಕಬ್ಬಿಣದೊಳಗೆ ಅಲೆ ಇಳಿಯುವುದಿಲ್ಲ ಎಂದು ನನಗೆ ಪುಸ್ತಕದಲ್ಲಿ ಓದಿ ಗೊತ್ತಿತ್ತು. ಆ ಮನುಷ್ಯನನ್ನು ಕೇಳಬೇಕೆಂದು ಮಾತ್ರ ಗೊತ್ತಿರಲಿಲ್ಲ.

ಎಂಬತ್ತರ ದಶಕದಲ್ಲಿ ಟಿ.ವಿ. ಬಂತು, ರೇಡಿಯೋ ಮೂಲೆ ಸೇರಿತು, ಗುರುಗಳೂ ಕಣ್ಮುಚ್ಚಿದರು. ಆ ದಶಕ ಮುಗಿಯುವ ಹೊತ್ತಿಗೆ ನಾನು ಬೀರೂರಿನ ಚಂದ್ರಣ್ಣನವರ ಬಳಿ ಕೆಲಸಕ್ಕಿದ್ದೆ. ಇವರು ಮೂಲತಃ ಕೊಬ್ಬರಿ ವ್ಯಾಪಾರಿ. ಯಾವುದೋ ವ್ಯಾಜ್ಯಕ್ಕೆಂದು ಬೆಂಗಳೂರಿಗೆ ಹೋದವರು ವ್ಯಾಜ್ಯ ಸೋತು, ವಿಡಿಯೋ ಗೇಮ್ ಯಂತ್ರಗಳನ್ನು ಕೊಂಡು ಬಂದರು. ಬೀರುವಿನಷ್ಟು ಎತ್ತರದ ಮರದ ಪೆಟ್ಟಿಗೆ, ಒಳಗೆ ಟಿ.ವಿ.ಯ ಟ್ಯೂಬು, ಕೆಳಗೆ ಸರ್ಕ್ಯೂಟ್ ಬೋರ್ಡು, ಮುಂದೆ ತಿರುಗಿಸಲು ಒಂದು ಕೋಲು, ನಾಣ್ಯಕ್ಕೊಂದು ಸೀಳು. ಎಲ್ಲವೂ ಸೆಕೆಂಡ್ ಹ್ಯಾಂಡ್. ಅವುಗಳನ್ನು ಮೂರು ಊರುಗಳ ಹೋಟೆಲು, ಅಂಗಡಿಗಳಲ್ಲಿಟ್ಟು, ರೈಲಿನಲ್ಲೋ ಬಸ್ಸಿನಲ್ಲೋ ಹೋಗಿ ರಿಪೇರಿ ಮಾಡುವುದು ನನ್ನ ಕೆಲಸ.

ಅವುಗಳಲ್ಲಿ ಒಂದನ್ನು ಬಿಟ್ಟರೆ ಉಳಿದವೆಲ್ಲ ಗುಂಡು ಹೊಡೆಯುವ ಆಟಗಳು. ಆ ಒಂದು ಮಾತ್ರ ಪೆಟ್ಟಿಗೆ ತಳ್ಳುವ ಆಟ. ಪರದೆಯ ಮೇಲೆ ಗೋಡೆಗಳಿರುವ ಒಂದು ಕೋಣೆ. ಅದನ್ನು ನಾವು ಜಂತೆಯಿಂದ ಇಣುಕಿದಂತೆ ಮೇಲಿನಿಂದ ನೋಡುತ್ತೇವೆ. ಒಳಗೆ ಒಬ್ಬ ಕುಳ್ಳ ಮನುಷ್ಯ, ಕೆಲವು ಪೆಟ್ಟಿಗೆಗಳು, ಅವುಗಳನ್ನು ಸೇರಿಸಬೇಕಾದ ಗುರುತಿನ ಜಾಗಗಳು. ಕುಳ್ಳ ಪೆಟ್ಟಿಗೆಯನ್ನು ತಳ್ಳಬಲ್ಲ, ಎಳೆಯಲಾರ. ಒಂದನ್ನು ತಳ್ಳಬಲ್ಲ, ಸಾಲಾಗಿ ಎರಡನ್ನು ತಳ್ಳಲಾರ. ಪೆಟ್ಟಿಗೆ ಒಮ್ಮೆ ಮೂಲೆ ಸೇರಿತೋ, ಮುಗಿಯಿತು. ಒಂದು ಕೋಣೆ ಗೆದ್ದರೆ ತುತ್ತೂರಿ ಊದಿ ಮುಂದಿನ, ಇನ್ನಷ್ಟು ಇಕ್ಕಟ್ಟಾದ ಕೋಣೆಗೆ ಬಿಡುತ್ತದೆ. ವೈರಿಯಿಲ್ಲ, ಗುಂಡಿಲ್ಲ, ಗಡಿಯಾರವೂ ಇಲ್ಲ.

ಕಡೂರಿನ ಬಸ್ ನಿಲ್ದಾಣದ ಹತ್ತಿರ ಇಟ್ಟೆವು. ಜನ ಬಂದು ಬಂದೂಕು ಎಲ್ಲಿದೆ ಎಂದು ಹುಡುಕಿ, ಇಲ್ಲವೆಂದು ತಿಳಿದು, ಪಕ್ಕದ ಯಂತ್ರಕ್ಕೆ ಹೋದರು. ಆಮೇಲೆ ತರೀಕೆರೆಯ ಒಂದು ಹೋಟೆಲಿಗೆ ಸಾಗಿಸಿದೆವು. ಅಲ್ಲಿಂದ ಒಂದು ಬೆಳಿಗ್ಗೆ, ಯಂತ್ರ ಸಿಕ್ಕಿಹಾಕಿಕೊಂಡಿದೆ, ತಕ್ಷಣ ಬರಬೇಕು ಎಂದು ಹೇಳಿಕಳಿಸಿದರು. ಬಸ್ಸಿನಲ್ಲಿ ನಿಂತುಕೊಂಡು ಹೋದೆ. ಹೋಟೆಲ್ ಮಾಲೀಕರು ಪರದೆಯ ಮೇಲೆ ಬೆರಳಿಟ್ಟು ತೋರಿಸಿದರು. ಒಂದು ಪೆಟ್ಟಿಗೆ ಮೂಲೆಯಲ್ಲಿ ಕುಳಿತಿತ್ತು.

"ನೋಡಿ, ಎಷ್ಟ್ ತಳ್ಳಿದ್ರೂ ಬರಲ್ಲ. ಒಳಗೆ ಎಲ್ಲೋ ಎಣ್ಣೆ ಒಣಗಿರ್ಬೇಕು."

ಅದು ಕೆಟ್ಟಿಲ್ಲ, ಆಡಿದವರು ಮೂಲೆಗೆ ತಳ್ಳಿದ್ದಾರೆ, ಆಟವೇ ಹಾಗೆ ಎಂದು ವಿವರಿಸಿದೆ. ಅವರು ಗಂಭೀರವಾಗಿ ಕೇಳಿಸಿಕೊಂಡರು.

"ಹಂಗಾದ್ರೆ ಹಿಂದಕ್ಕೆ ಎಳೆಯೋಕೆ ಒಂದು ಹಗ್ಗ ಹಾಕ್ಕೊಡಿ. ಹೆಚ್ಚಿಗೆ ಎಷ್ಟಾಗುತ್ತೆ?"

ನಾನು ಯಂತ್ರದ ಹಿಂಬಾಗಿಲು ತೆಗೆದು, ಸ್ವಲ್ಪ ಹೊತ್ತು ಒಳಗೆ ತಲೆಯಿಟ್ಟುಕೊಂಡಿದ್ದು, ಸ್ವಿಚ್ ಆರಿಸಿ ಹಾಕಿದೆ. ಆಟ ಮೊದಲ ಕೋಣೆಯಿಂದ ಹೊಸದಾಗಿ ಶುರುವಾಯಿತು. ಮಾಲೀಕರು ನನಗೆ ಕಾಫಿ ಕೊಟ್ಟು, ಒಳ್ಳೇ ಕೆಲಸಗಾರ ಎಂದರು. ಆಮೇಲೆ ಇಂಥ ರಿಪೇರಿಗಾಗಿಯೇ ತರೀಕೆರೆಗೆ ಎಷ್ಟೋ ಸಲ ಹೋದೆ. ಕಾಫಿ ಚೆನ್ನಾಗಿರುತ್ತಿತ್ತು.

ಆ ಆಟದ ಸೆಳೆತ ಏನು ಎಂದು ಬಸ್ಸಿನಲ್ಲಿ ಯೋಚಿಸುತ್ತಿದ್ದೆ. ಗುಂಡಿನ ಆಟದಲ್ಲಿ ಸತ್ತರೆ ವೈರಿಯನ್ನು ಬೈಯಬಹುದು. ಚೌಕಾಬಾರದಲ್ಲಿ ಸೋತರೆ ಕವಡೆಯನ್ನು ಬೈಯಬಹುದು. ಆಡು-ಹುಲಿಯಲ್ಲಿ ಎದುರಿಗೆ ಕುಳಿತವನೇ ಇದ್ದಾನೆ. ಇಲ್ಲಿ ಬೈಯಲು ಯಾರೂ ಇಲ್ಲ. ಆಗಲೇ ನಾವೇ ತಳ್ಳಿದ ಪೆಟ್ಟಿಗೆ ಈಗ ನಮಗೇ ಅಡ್ಡ ನಿಂತಿರುತ್ತದೆ. ಮಾಡಿದ್ದುಣ್ಣೋ ಮಹರಾಯ. ಸಿಟ್ಟು ಬಂದು ಹೊರಟವನು ಬಾಗಿಲ ತನಕ ಹೋಗಿ, ಆ ಪೆಟ್ಟಿಗೆಯನ್ನು ಮೊದಲು ಮೇಲಕ್ಕೆ ತಳ್ಳಿದ್ದರೆ, ಎಂದುಕೊಂಡು ತಿರುಗಿ ಬರುತ್ತಾನೆ. ಇಡೀ ಆಟ ಆ ತಿರುಗಿ ಬರುವುದರಲ್ಲಿದೆ. ಇಷ್ಟೆಲ್ಲ ತಿಳಿದಿದ್ದರೂ ನನಗೆ ಎರಡನೇ ಕೋಣೆ ದಾಟಲು ಬರುತ್ತಿರಲಿಲ್ಲ.

ತಿರುಗಿ ಬರುವವರು ಹೆಚ್ಚಾಗಿದ್ದ ಊರು ಅಜ್ಜಂಪುರ. ಅಲ್ಲಿ ಸ್ಟೇಷನ್ ರಸ್ತೆಯಲ್ಲಿ ಗಿರಿಜಮ್ಮನವರ ಸೋಡಾ ಅಂಗಡಿ. ಯಂತ್ರವನ್ನು ಕೊನೆಗೆ ಅಲ್ಲಿಗೆ ಹಾಕಿದೆವು. ಆಡುವವರು ಹುಡುಗರಲ್ಲ, ನಡುವಯಸ್ಸು ದಾಟಿದ ಆರೇಳು ಗಂಡಸರು. ಅವರು ಅದನ್ನು ಆಟವೆಂದು ತಿಳಿದಿರಲಿಲ್ಲ, ಪಂಚಾಯಿತಿ ಎಂದು ತಿಳಿದಿದ್ದರು. ಹೊಸ ಕೋಣೆ ಬಂದರೆ ಮೊದಲು ಚರ್ಚೆ, ಮಧ್ಯೆ ಸೋಡಾ, ಮತ್ತೆ ಚರ್ಚೆ, ಆಮೇಲೆ ಒಬ್ಬ ಒಂದು ಹೆಜ್ಜೆ ಇಡುತ್ತಿದ್ದ. ಒಂದೇ ನಾಣ್ಯದಲ್ಲಿ ಮಧ್ಯಾಹ್ನ ಕಳೆಯುತ್ತಿತ್ತು. ಚಂದ್ರಣ್ಣನವರಿಗೆ ಇದನ್ನು ಕೇಳಿದರೇ ಹೊಟ್ಟೆ ಉರಿ.

ಕರೆಂಟ್ ಹೋದರೆ ಆಟ ಮತ್ತೆ ಮೊದಲಿನಿಂದ. ಅಜ್ಜಂಪುರದಲ್ಲಿ ಕರೆಂಟ್ ಹೋಗದ ದಿನವಿರಲಿಲ್ಲ. ಹಾಗಾಗಿ ಅವರು ಒಂದು ಕ್ರಮ ಮಾಡಿಕೊಂಡರು. ಯಾವ ಕೋಣೆಯನ್ನು ಯಾರು ಮೊದಲು ಗೆದ್ದರೋ ಆ ಕೋಣೆಯ ಖಾತೆ ಅವರ ಹೆಸರಿಗೆ. ಅದನ್ನು ಅವರೇ ಆಡಬೇಕು. ಆಡುವಾಗ ಉಳಿದವರು ತುಟಿ ಬಿಚ್ಚಬಾರದು. ಬೇರೆಯವರ ಖಾತೆಯ ಕೋಣೆಯಲ್ಲಿ ಸಲಹೆ ಕೊಡುವುದು, ಬೇರೆಯವರ ಹೊಲದಲ್ಲಿ ನೇಗಿಲು ಹೂಡಿದಷ್ಟೇ ದೊಡ್ಡ ಅಪರಾಧ. ಬೇಕಾದರೆ ಬೋರ್ಡಿನಲ್ಲಿರುವ ಪರೀಕ್ಷೆಯ ಸ್ವಿಚ್ ಒತ್ತಿ ಕಷ್ಟದ ಕೋಣೆಯನ್ನು ಹಾರಿಸಿಕೊಡುತ್ತೇನೆ ಎಂದು ನಾನೊಮ್ಮೆ ಹೇಳಿದೆ. ಎಲ್ಲರೂ ನನ್ನನ್ನು ಬೇಲಿ ಮುರಿಯುವವನನ್ನು ನೋಡುವಂತೆ ನೋಡಿದರು.

ಏಳನೇ ಕೋಣೆಯ ಖಾತೆ ಗೌಸ್ ಸಾಬರದು. ಇವರು ದರ್ಜಿ. ಅಂಗಡಿ ಅದೇ ರಸ್ತೆಯಲ್ಲಿ. ತಾವು ಅಳತೆ ತೆಗೆದುಕೊಳ್ಳುತ್ತಿದ್ದರು, ಹೊಲಿಗೆ ಮನೆಯಲ್ಲಿ ಹೆಂಡತಿ ಜೈನಾಬಿಯದು. ಎಂಟನೇ ಕೋಣೆ ಶಿವಲಿಂಗಪ್ಪನವರದು. ಶೇಂಗಾ ಮಂಡಿ, ದಪ್ಪ ದನಿ, ಸಾಬರಿಗೂ ಅವರಿಗೂ ಎಣ್ಣೆ-ಸೀಗೇಕಾಯಿ. ಏಳು ಮುಗಿಯದೆ ಎಂಟು ಬರುವುದಿಲ್ಲವಾದ್ದರಿಂದ ಶಿವಲಿಂಗಪ್ಪ ದಿನಾ ಸಾಬರ ಬೆನ್ನ ಹಿಂದೆ ನಿಂತು ಕಾಯಬೇಕಾಗುತ್ತಿತ್ತು. ಕಾಯುವಾಗ ಮಾತಾಡುವಂತಿಲ್ಲ. ಅವರಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಕೊಡಲು ಯಾವ ಕೋರ್ಟಿಗೂ ಸಾಧ್ಯವಿರಲಿಲ್ಲ.

ಒಂದು ಸಂಜೆ ನಾನು ಕೋಲಿನ ಸ್ಪ್ರಿಂಗ್ ಬದಲಿಸಿಕೊಟ್ಟು ರೈಲಿಗೆ ಹೊತ್ತಾಯಿತೆಂದು ಸಾಮಾನಿನ ಪೆಟ್ಟಿಗೆ ಕಟ್ಟಿಕೊಳ್ಳುತ್ತಿದ್ದೆ. ಗೌಸ್ ಸಾಬರು ಏಳನೇ ಕೋಣೆ ಆಡುತ್ತಿದ್ದರು. ಇದ್ದಕ್ಕಿದ್ದಂತೆ ಚಿತ್ರ ಮೇಲಿನಿಂದಲೂ ಕೆಳಗಿನಿಂದಲೂ ಮುದುಡಿಕೊಂಡು, ಪರದೆಯ ನಡುವೆ ಒಂದು ಬಿಳಿ ಗೆರೆ ಮಾತ್ರ ಉಳಿಯಿತು. ಟ್ಯೂಬಿನ ಸರ್ಕ್ಯೂಟಿನಲ್ಲಿ ಒಂದು ಭಾಗ ಸತ್ತರೆ ಹಾಗಾಗುತ್ತದೆ. ಬೋರ್ಡಿಗೆ ಏನೂ ಆಗಿರುವುದಿಲ್ಲ, ಆಟ ಒಳಗೆ ನಡೆದೇ ಇರುತ್ತದೆ. ನಿಯಮದಂತೆ ಯಾರೂ ಮಾತಾಡಲಿಲ್ಲ. ಸಾಬರು ಒಂದಿಷ್ಟೂ ತಡೆಯದೆ ಕೋಲು ತಿರುಗಿಸುತ್ತಲೇ ಇದ್ದರು. ಮೇಲೆ, ಎಡಕ್ಕೆ, ಕೆಳಗೆ. ಪೆಟ್ಟಿಗೆ ಜಾಗ ಸೇರಿದ ಸದ್ದು ಒಂದೊಂದಾಗಿ ಬಂತು. ಕೊನೆಗೆ ಗೆದ್ದ ತುತ್ತೂರಿಯೂ ಊದಿತು. ಅವರು ಕರವಸ್ತ್ರದಿಂದ ಕೈ ಒರೆಸಿಕೊಂಡು ನನ್ನ ಸದ್ದಿದ್ದ ಕಡೆ ತಿರುಗಿದರು.

"ಏನೇ ಹೇಳಿ ಮೆಕ್ಯಾನಿಕ್ರೇ, ನೀವು ಕೈ ಇಟ್ಮೇಲೆ ಚಿತ್ರ ಬಾಳ ಕ್ಲಿಯರ್ರು."

ಪರದೆಯ ಮೇಲೆ ಬಿಳಿ ಗೆರೆ ಮಿನುಗುತ್ತಿತ್ತು.

"ಕ್ಲಿಯರ್ರೇ ಮತ್ತೆ," ಎಂದು ಶಿವಲಿಂಗಪ್ಪ ಸೋಡಾ ಕುಡಿದರು. ಈ ಮನುಷ್ಯ ಗೇಲಿ ಮಾಡುತ್ತಿದ್ದಾನೆ, ಸಾಬರು ಹೇಳಿದ್ದನ್ನು ತಮಾಷೆ ಎಂದುಕೊಂಡಿದ್ದಾನೆ ಎಂದು ನಾನು ಭಾವಿಸಿದೆ. ಉಳಿದವರೂ ಹಾಗೆಯೇ ತಿಳಿದಂತಿತ್ತು. ದೋಷ ಪತ್ತೆ ಹಚ್ಚುವುದು ನನ್ನ ವೃತ್ತಿಯಾದ್ದರಿಂದ ನನಗೊಬ್ಬನಿಗೇ ವಿಷಯ ತಿಳಿಯಿತು ಎಂಬ ಹೆಮ್ಮೆಯೂ ಆಯಿತು. ಗೌಸ್ ಸಾಬರಿಗೆ ಕಣ್ಣು ಕಾಣುತ್ತಿರಲಿಲ್ಲ.

ಟ್ಯೂಬಿನ ದೋಷ ಸರಿಮಾಡಿ ಬಂದ ಮರುವಾರ ಚಂದ್ರಣ್ಣ ನನ್ನನ್ನು ಕರೆದರು. "ಆ ಮುದುಕ್ರು ಕೋಣೆಗಳ್ನೆಲ್ಲ ಬಾಯಿಪಾಠ ಮಾಡವ್ರೆ ಕಣಯ್ಯಾ. ಹೊಸ ಬೋರ್ಡ್ ತರ್ಸಿದ್ದೀನಿ. ಮೊದಲ ಆರು ಹಳೇವೇ, ಏಳ್ರಿಂದ ಆಚೆಗೆ ಎಲ್ಲಾ ಬೇರೆ. ಸೋಮವಾರ ಹಾಕ್ಬೇಕು. ನಾನೂ ಬತ್ತೀನಿ, ಪೂಜೆ ಮಾಡ್ಸಣ."

"ಅದು ಈ ಯಂತ್ರಕ್ಕೆ ಕೂರಲ್ಲ ಅನ್ಸುತ್ತೆ," ಎಂದೆ.

"ಕೂರ್ಸು," ಎಂದರು. ಮೇಲಧಿಕಾರಿಗಳ ವಿಷಯದಲ್ಲಿ ನನ್ನ ಅನುಭವವೆಲ್ಲ ಈ ಒಂದು ಮಾತಿನಲ್ಲಿ ಅಡಗಿದೆ.

ಸಾಬರಿಗೆ ಮೊದಲೇ ತಿಳಿಸಬೇಕಿತ್ತು. ಶರ್ಟು ಹೊಲಿಸುವ ನೆಪ ಮಾಡಿಕೊಂಡು ಅಜ್ಜಂಪುರಕ್ಕೆ ಹೋದೆ. ಸಾಬರು ನನ್ನ ಭುಜದ ಮೇಲೆ ಗೇಣು ಹಾಕಿ ಅಳೆಯುತ್ತಿದ್ದರು. ಟೇಪು ಕೊರಳಲ್ಲಿ ಅಲಂಕಾರಕ್ಕೆ ನೇತಾಡುತ್ತಿತ್ತು. ಹೇಗೆ ಶುರು ಮಾಡುವುದೆಂದು ತಿಳಿಯದೆ, ಅವತ್ತು ಪರದೆಯಲ್ಲಿ ಚಿತ್ರ ಇರಲಿಲ್ಲ ಸಾಬರೇ ಎಂದುಬಿಟ್ಟೆ. ಅವರ ಗೇಣು ನನ್ನ ಬೆನ್ನ ನಡುವೆಯೇ ನಿಂತಿತು.

"ಯಾರ್ಗೆ ಹೇಳಿದ್ರಿ?"

"ಯಾರಿಗೂ ಇಲ್ಲ."

"ಹೇಳ್ಬೇಡಿ," ಎಂದು ಅವರು ಸ್ಟೂಲಿನ ಮೇಲೆ ಕುಳಿತರು. "ನರ ಸತ್ತೋಗದೆ, ಸರಿ ಹೋಗಲ್ಲ ಅಂದ್ರು ಡಾಕ್ಟ್ರು. ಬೆಳಕು ಕಾಣ್ತದೆ, ನೆಳ್ಳು ಕಾಣ್ತದೆ, ಅಷ್ಟೇ. ಎದುರುಗಡೆ ಬೀರೂರಿಂದ ಬಂದ ಹೊಸ ಟೈಲರ್ ಬೋರ್ಡ್ ಹಾಕವ್ನೆ, ನೋಡಿದ್ರಲ್ಲ? ಕಣ್ಣಿಲ್ಲದ ದರ್ಜಿಗೆ ಬಟ್ಟೆ ಯಾರು ಕೊಡ್ತಾರೆ ಹೇಳಿ. ಜೈನಾಬಿ ಎಷ್ಟ್ ಚೆನ್ನಾಗ್ ಹೊಲಿದ್ರೂ ಅಳತೆ ತಗೊಳ್ಳೋನು ಕುರುಡ ಅಂದ್ರೆ ಮುಗೀತು. ಆ ಮಿಷನ್ ಮುಂದೆ ದಿನಾ ನಿಂತು ಗೆದ್ದು ಬತ್ತಾ ಇದ್ರೆ ಯಾರ್ಗೂ ಅನುಮಾನ ಬರಲ್ಲ ಅಂತ ಆಡ್ತಾ ಇದ್ದೆ."

ಹೊಸ ಬೋರ್ಡಿನ ವಿಷಯ ಹೇಳಿದೆ. ಅವರು ಕೊರಳಿನ ಟೇಪನ್ನು ತೆಗೆದು ಸುತ್ತತೊಡಗಿದರು. ಸೋಮವಾರ ಹುಷಾರಿಲ್ಲವೆಂದು ಮನೆಯಲ್ಲಿರಬಾರದೇ ಎಂದು ಕೇಳಿದೆ.

"ಬರ್ಲಿಲ್ಲ ಅಂದ್ರೆ ಯಾಕೆ ಅಂತ ಕೇಳ್ಕೊಂಡು ಮನೆಗೇ ಬತ್ತಾರೆ. ಆ ಶಿವಲಿಂಗಪ್ಪ ಅಂತೂ ಬಿಡಲ್ಲ. ಹೊಸ ಏಳು ಹೆಂಗೈತೆ, ಅದು ಹೇಳಿ."

ಬೀರೂರಿಗೆ ವಾಪಸು ಬಂದು ಬೋರ್ಡನ್ನು ನನ್ನ ಮೇಜಿನ ಟಿ.ವಿ.ಗೆ ಜೋಡಿಸಿದೆ. ಟಿ.ವಿ. ರಿಪೇರಿಯವರಿಗೆ ಆಗ ಒಂದು ರೂಢಿಯಿತ್ತು. ನಮ್ಮ ಕೈ ಪೆಟ್ಟಿಗೆಯ ಹಿಂದುಗಡೆ, ಚಿತ್ರ ಮುಂದುಗಡೆ. ಪ್ರತಿ ಸಲ ಎದ್ದು ಸುತ್ತಿ ಬಂದು ನೋಡುವವರು ಯಾರು? ಟಿ.ವಿ.ಯ ಎದುರು ಒಂದು ಕನ್ನಡಿ ನಿಲ್ಲಿಸಿಕೊಂಡು, ಹಿಂದೆ ಕುಳಿತೇ ಕನ್ನಡಿಯಲ್ಲಿ ಚಿತ್ರ ನೋಡುತ್ತ ಸ್ಕ್ರೂ ತಿರುಗಿಸುತ್ತಿದ್ದೆವು. ಅಂದೂ ಹಾಗೆಯೇ ಕುಳಿತು, ಪರೀಕ್ಷೆಯ ಸ್ವಿಚ್ಚಿನಿಂದ ಏಳನೇ ಕೋಣೆಗೆ ಹೋಗಿ, ಗೋಡೆ, ಪೆಟ್ಟಿಗೆ, ಗುರುತುಗಳನ್ನೆಲ್ಲ ಒಂದು ರಟ್ಟಿನ ಮೇಲೆ ಶ್ರದ್ಧೆಯಿಂದ ಬರೆದುಕೊಂಡೆ.

ಭಾನುವಾರ ಮಧ್ಯಾಹ್ನ ಸಾಬರ ಅಂಗಡಿಯ ಬಾಗಿಲು ಅರ್ಧ ಎಳೆದುಕೊಂಡು ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಆ ಕೋಣೆ ಕಟ್ಟಿದೆ. ಮಡಿಸಿದ ಬಟ್ಟೆಯ ಗೋಡೆ, ಮರದ ಸ್ಕೇಲಿನ ಗೋಡೆ, ಪೆಟ್ಟಿಗೆಗಳ ಬದಲು ದಾರದ ಉರುಳೆ, ಗುರುತಿನ ಜಾಗಗಳಿಗೆ ಅಂಗಿಯ ಗುಂಡಿ, ಕುಳ್ಳ ಮನುಷ್ಯನ ಬದಲು ಬೆರಳಿಗೆ ಹಾಕಿಕೊಳ್ಳುವ ಲೋಹದ ಟೋಪಿ. ಸಾಬರು ಬೆರಳುಗಳಿಂದ ಎಲ್ಲವನ್ನೂ ಸವರಿ ನೋಡಿದರು. ತಳ್ಳಿದರು, ಸಿಕ್ಕಿಕೊಂಡರು, ಮತ್ತೆ ಮೊದಲಿನಿಂದ ಜೋಡಿಸಲು ನನಗೆ ಹೇಳಿದರು. ಜೈನಾಬಿ ಎರಡು ಸಲ ಚಹಾ ತಂದಿಟ್ಟು, ಈ ಇಬ್ಬರು ಗಂಡಸರು ಏಕೆ ಉರುಳೆಯಾಟ ಆಡುತ್ತಿದ್ದಾರೆಂದು ಕೇಳದೆ ಹೋದರು. ಸಂಜೆಯ ನಮಾಜಿಗೆ ಮುಂಚೆ ಕೊನೆಯ ಉರುಳೆ ಕೊನೆಯ ಗುಂಡಿಯ ಮೇಲೆ ನಿಂತಿತು. ಆಮೇಲೆ ಅವರು ಇಡೀ ದಾರಿಯನ್ನು ನನಗೆ ಬಾಯಲ್ಲೇ ಒಪ್ಪಿಸಿದರು. ಒಂದು ಹೆಜ್ಜೆಯೂ ತಪ್ಪಲಿಲ್ಲ. ನನಗಾದ ಸಂತೋಷ ಹೇಳತೀರದು. ಯಂತ್ರವನ್ನಲ್ಲದೆ ಮನುಷ್ಯನನ್ನು ರಿಪೇರಿ ಮಾಡಿದ್ದೇನೆ ಎಂದುಕೊಂಡು ರೈಲು ಹತ್ತಿದೆ.

ಸೋಮವಾರ ಚಂದ್ರಣ್ಣ ಬಿಳಿ ಪಂಚೆಯುಟ್ಟು ಬಂದರು. ಯಂತ್ರಕ್ಕೆ ಊದುಬತ್ತಿ ಬೆಳಗಿ, ಕೋಲಿಗೆ ನಿಂಬೆಹಣ್ಣು ಕಟ್ಟಿ, ಅದು ಆಡಲು ಅಡ್ಡವಾಗುತ್ತದೆಂದು ಗೊತ್ತಾದ ಮೇಲೆ ಬಿಚ್ಚಿದರು. ಖಾತೆದಾರರ ಸಭೆಯಲ್ಲಿ, ಕೋಣೆ ಬದಲಾದರೂ ನಂಬರು ಬದಲಾಗುವುದಿಲ್ಲ, ಏಳು ಯಾವತ್ತಿದ್ದರೂ ಸಾಬರದೇ ಎಂದು ಆಗಲೇ ತೀರ್ಮಾನವಾಗಿತ್ತು. ಮೊದಲ ಆರು ಕೋಣೆಗಳು ಸಲೀಸಾಗಿ ಮುಗಿದವು. ಸಾಬರು ಮುಂದೆ ಬಂದು ಕೋಲು ಹಿಡಿದರು. ಎಲ್ಲರೂ ಬಾಯಿ ಮುಚ್ಚಿದರು.

ಸಾಬರು ಎಡಕ್ಕೆ ತಿರುಗಿಸಿದರು. ಕುಳ್ಳ ಗೋಡೆಗೆ ಹಾಯ್ದ, ಟೊಕ್ ಎಂದಿತು. ಮತ್ತೆ ಎಡಕ್ಕೆ. ಟೊಕ್. ಅವರ ಕತ್ತಿನ ಹಿಂದೆ ಬೆವರಿಳಿಯುವುದು ಕಂಡಿತು. ನಾನು ಪರದೆಯನ್ನು ನೋಡಿದೆ. ಹೊಸ ಏಳನೇ ಕೋಣೆಯನ್ನು ಎದುರಿನಿಂದ ನೋಡಿದ್ದು ಅದೇ ಮೊದಲ ಸಲ. ಎಡಕ್ಕಿರಬೇಕಾದ ದಾರಿ ಬಲಕ್ಕಿತ್ತು. ಬಲದ ಪೆಟ್ಟಿಗೆಗಳು ಎಡಕ್ಕಿದ್ದವು. ಕನ್ನಡಿಯಲ್ಲಿ ನೋಡಿ ಬರೆದುಕೊಂಡವನು ನಾನು. ಇಷ್ಟು ವರ್ಷದ ರೂಢಿಯಲ್ಲಿ ಕನ್ನಡಿ ಎದುರಿಗಿದೆ ಎಂಬುದೇ ನನಗೆ ಮರೆತಿತ್ತು.

ಟೊಕ್. ಚಂದ್ರಣ್ಣ ಕತ್ತು ಚಾಚಿ, "ಯಾಕ್ರೀ ಸಾಬ್ರೇ, ಎದುರಿಗೆ ಗೋಡೆ ಐತಲ್ಲ, ಕಾಣಲ್ವಾ?" ಎಂದರು.

ಏನು ಮಾಡಬೇಕೆಂದು ಯೋಚಿಸಲು ಸಮಯವಿರಲಿಲ್ಲ. ಮೊದಲ ಆರು ಕೋಣೆ ಇದೇ ಕೋಲಿನಲ್ಲಿ ಸರಿಯಾಗಿ ಮುಗಿದದ್ದೂ ನೆನಪಾಗಲಿಲ್ಲ. "ತಪ್ಪು ನಂದು!" ಎಂದು ಕೂಗಿದೆ. "ಸಾಬರೇ, ಕೋಲಿನ ವೈರು ತಿರುಗಾಮುರುಗಾ ಹಾಕಿಬಿಟ್ಟಿದ್ದೀನಿ. ಎಡಕ್ಕೆ ಹೋಗಬೇಕಾದರೆ ಬಲಕ್ಕೆ ತಿರುಗಿಸಬೇಕು, ಬಲಕ್ಕೆ ಹೋಗಬೇಕಾದರೆ ಎಡಕ್ಕೆ."

ಚಂದ್ರಣ್ಣನವರು ಆಡಿದ ಮಾತುಗಳನ್ನು ಇಲ್ಲಿ ಬರೆಯುವುದಿಲ್ಲ. ಸಂಬಳ ತಿನ್ನುವವನು, ಎಡಗೈ ಬಲಗೈ ಗೊತ್ತಿಲ್ಲದವನು ಎಂಬಲ್ಲಿಂದ ಶುರುವಾಗಿ ನನ್ನ ಗುರುಗಳ ತನಕ ಹೋಯಿತು. ಸಾಬರು ಮಾತ್ರ ಕಲ್ಲಿನಂತೆ ನಿಂತಿದ್ದರು. ಆಮೇಲೆ ಮೆಲ್ಲಗೆ ಕೇಳಿದರು:

"ಮೇಲೆ ಕೆಳಗೆ?"

"ಅದು ಸರಿ ಇದೆ. ಎಡಬಲ ಮಾತ್ರ."

"ಪೂರ್ತಿ ಕೊನೇವರ್ಗೂ?"

"ಕೊನೆಯವರೆಗೂ ಸಾಬರೇ."

ಅವರು ಕಣ್ಣು ಮುಚ್ಚಿಕೊಂಡರು. ಭಾನುವಾರವಿಡೀ ಕಟ್ಟಿ ತಲೆಯಲ್ಲಿಟ್ಟುಕೊಂಡ ಕೋಣೆಯನ್ನು ಅಂಗಿ ಒಳಹೊರಗು ಮಾಡಿದಂತೆ ಮಗುಚಿಕೊಳ್ಳುತ್ತಿದ್ದರು ಎಂದು ನನಗೊಬ್ಬನಿಗೆ ಗೊತ್ತಿತ್ತು. ಅವರ ತುಟಿ ಅಲುಗುತ್ತಿತ್ತು. ರಸ್ತೆಯಲ್ಲಿ ಒಂದು ಎತ್ತಿನ ಗಾಡಿ ಹೋಗಿ ಸದ್ದಡಗುವ ತನಕ ಅವರು ಅಲುಗಲಿಲ್ಲ. ಆಮೇಲೆ ಕೋಲನ್ನು ಬಲಕ್ಕೆ ತಿರುಗಿಸಿದರು. ಕುಳ್ಳ ನಡೆದ. ಮೇಲೆ, ಬಲಕ್ಕೆ, ಕೆಳಗೆ, ಎಡಕ್ಕೆ. ಒಂದು ಪೆಟ್ಟಿಗೆ ಸೇರಿತು. ಒಂದು ಕಡೆ ಬಹಳ ಹೊತ್ತು ನಿಂತರು. ಮತ್ತೆ ನಡೆದರು. ಕೊನೆಯ ಪೆಟ್ಟಿಗೆ ಸೇರಿ ತುತ್ತೂರಿ ಊದಿದಾಗ ನನಗೆ ಕೂತುಬಿಡಬೇಕೆನಿಸಿತು.

ಚಂದ್ರಣ್ಣನವರು ಮುಂದೆ ಬಂದು, ಎಂಟನೇ ಕೋಣೆ ತೆರೆದುಕೊಂಡಿದ್ದ ಪರದೆಯ ಮುಂದೆ ಕೋಲನ್ನು ಎಡಕ್ಕೆ ತಿರುಗಿಸಿದರು. ಕುಳ್ಳ ಎಡಕ್ಕೆ ಹೋದ. ಬಲಕ್ಕೆ ತಿರುಗಿಸಿದರು, ಬಲಕ್ಕೆ ಹೋದ.

"ಏನಯ್ಯಾ ಇದು? ಸರಿಯಾಗೇ ಐತಲ್ಲ!"

ಎಲ್ಲ ಮುಗಿಯಿತು, ನಾನೇ ಎಲ್ಲರೆದುರು ಅವರನ್ನು ಬಯಲಿಗೆಳೆದೆ ಎಂದುಕೊಂಡೆ. ಆಗ ಹಿಂದಿನಿಂದ ಶಿವಲಿಂಗಪ್ಪನವರ ದಪ್ಪ ದನಿ ಕೇಳಿಸಿತು.

"ಈಗ ಸರಿಯಾಗೈತೆ. ಆವಾಗ ತಿರುಗಾಮುರುಗಾನೇ ಇತ್ತು. ನಾನೇ ನೋಡ್ದೆ."

"ನಾನೂ ನೋಡ್ದೆ," ಎಂದರು ಆರನೇ ಕೋಣೆಯವರು.

"ಎಡಕ್ ತಿರುಗ್ಸಿದ್ರೆ ಬಲಕ್ ಹೋಗ್ತಿತ್ತು ಕಣ್ರೀ, ಪಾಪ," ಎಂದರು ಇನ್ನೊಬ್ಬರು. ಸೋಡಾ ಬಾಟಲಿ ತೊಳೆಯುತ್ತಿದ್ದ ಗಿರಿಜಮ್ಮ, ಇಡೀ ಹೊತ್ತು ಪರದೆಗೆ ಬೆನ್ನು ಹಾಕಿ ಕುಳಿತಿದ್ದವರು, ತಲೆಯೆತ್ತದೆ "ಹೌದು, ನಂಗೂ ಕಾಣ್ತು," ಎಂದರು.

ಚಂದ್ರಣ್ಣ ಒಬ್ಬೊಬ್ಬರ ಮುಖವನ್ನೂ ನೋಡಿದರು. ಯಾರ ಮುಖದಲ್ಲೂ ಏನೂ ಇರಲಿಲ್ಲ.

"ಮತ್ತೆ ತಾನಾಗೇ ಸರಿ ಹೋಯ್ತಾ?"

"ಹೋಯ್ತು," ಎಂದರು ಶಿವಲಿಂಗಪ್ಪ.

ನನಗೆ ಒಂದೊಂದೇ ಅರ್ಥವಾಗತೊಡಗಿತು. ನನಗೊಬ್ಬನಿಗೇ ಗೊತ್ತೆಂದುಕೊಂಡಿದ್ದ ವಿಷಯ ಈ ಅಂಗಡಿಯಲ್ಲಿ ಚಂದ್ರಣ್ಣನವರೊಬ್ಬರನ್ನು ಬಿಟ್ಟು ಎಲ್ಲರಿಗೂ ಗೊತ್ತಿತ್ತು. ಎಲ್ಲರಿಗಿಂತ ತಡವಾಗಿ ತಿಳಿದವನು ನಾನು. ಗೌಸ್ ಸಾಬರಿಗೂ ಆಗಲೇ ಅರ್ಥವಾಗಿರಬೇಕು. ಅವರು ಮತ್ತೆ ಕೋಲನ್ನು ಹಿಡಿದು, ಪರದೆಯ ಕಡೆಗೇ ಮುಖ ಮಾಡಿಕೊಂಡು ಕೇಳಿದರು:

"ಅಂದ್ರೆ ನಿಮಗೆಲ್ಲ ಗೊತ್ತಾ?"

"ಏನು ಗೊತ್ತು? ನಂಗೇನ್ ಗೊತ್ತಿಲ್ಲ," ಎಂದು ಶಿವಲಿಂಗಪ್ಪ ಜಗಳಕ್ಕೆ ನಿಂತವರಂತೆ ಮುಂದೆ ಬಂದರು. "ನನ್ ಮಗಂದು ಮದ್ವೆ ಐತೆ, ಜುಬ್ಬ ಹೊಲಿಸ್ಬೇಕು, ಅಷ್ಟ್ ಗೊತ್ತು. ನೀನು ಅಳತೆ ತಗೊತೀಯೋ, ಇಲ್ಲ ಎದುರುಗಡೆ ಹುಡುಗನ ಹತ್ರ ಹೋಗ್ಲೋ? ಬೇಗ ಹೇಳು, ಮಂಡಿಗೆ ಹೋಗ್ಬೇಕು."

ಹೇಳಿ, ಪೊಲೀಸರ ಕೈಗೆ ಸಿಕ್ಕವರಂತೆ ಎರಡೂ ಕೈ ಮೇಲೆತ್ತಿ ಅಂಗಡಿಯ ನಡುವೆ ನಿಂತುಬಿಟ್ಟರು. ಸಾಬರು ಕೋಲು ಬಿಟ್ಟರು. ಸೋಡಾ ಪೆಟ್ಟಿಗೆಗಳ ಅಂಚನ್ನು ಸವರುತ್ತ, ಯಾರಿಂದಲೂ ಮುಚ್ಚಿಡುವ ಪ್ರಯತ್ನ ಮಾಡದೆ, ಕೈ ಚಾಚಿಕೊಂಡೇ ನಡೆದು ಬಂದರು. ಶಿವಲಿಂಗಪ್ಪನವರ ಭುಜ ಸಿಕ್ಕಿತು. ಅದರ ಮೇಲೆ ಗೇಣು ಹಾಕಿದರು. ನನಗೆ ಅಳು ಬಂತು, ಬಂದದ್ದನ್ನು ಇಲ್ಲ ಎನ್ನುವುದೇಕೆ.

"ಏನ್ ನಡೀತೈತಯ್ಯ ಇಲ್ಲಿ?" ಎಂದು ಚಂದ್ರಣ್ಣ ದನಿಯೆತ್ತಿದರು. "ಎಂಟನೇ ಕೋಣೆ ಯಾರು ಆಡೋದು?"

"ಸುಮ್ನಿರಿ," ಎಂದರು ಗಿರಿಜಮ್ಮ. "ಅಳತೆ ತಪ್ಪೋಗುತ್ತೆ."

ಸಾಬರು ಭುಜ ಮುಗಿಸಿ ತೋಳಿಗೆ ಬಂದರು. ಗೇಣು, ಇನ್ನೊಂದು ಗೇಣು, ಮೇಲೆ ನಾಲ್ಕು ಬೆರಳು. ಆಮೇಲೆ ತಲೆಯೆತ್ತಿ, ಸೋಡಾ ಕೇಳುವಷ್ಟೇ ಸಾಧಾರಣ ದನಿಯಲ್ಲಿ ಹೇಳಿದರು:

"ಯಾರಾದ್ರೂ ಬರ್ಕೊಳ್ರಪ್ಪಾ. ನಂಗೆ ಕಣ್ಣು ಕಾಣಲ್ಲ."

ನಾನು ಜೇಬಿನಿಂದ ಪೆನ್ಸಿಲ್ ತೆಗೆದೆ.